ಘಾಟಿ ಹತ್ತುವಾಗ ಪಿಕಪ್ ಹೋಯ್ತು, ಟರ್ಬೊ ಬದಲಿಸಬೇಕಾ?

ಪ್ರಶ್ನೆ: ನನ್ನದು 2014ರ ಡೀಸೆಲ್ ಕಾರು, 1,12,000 ಕಿ.ಮೀ. ಓಡಿದೆ. ಕಳೆದ ವಾರ ಸುಬ್ರಹ್ಮಣ್ಯದಿಂದ ವಾಪಸ್ ಬರುವಾಗ, ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದಂತೆ ಇದ್ದಕ್ಕಿದ್ದ ಹಾಗೆ ಪಿಕಪ್ ಹೋಯಿತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ 2,500 ಆರ್‌ಪಿಎಂ ದಾಟಲಿಲ್ಲ. ಹಿಂದೆ ಕಪ್ಪು ಹೊಗೆ, ಮೀಟರಿನಲ್ಲಿ ಹಳದಿ ಎಂಜಿನ್ ಲೈಟು. ಬದಿಗೆ ನಿಲ್ಲಿಸಿ, ಆಫ್ ಮಾಡಿ, ಐದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಸರಿಯಾಯಿತು. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಅದೇ ಕಥೆ. ಊರೊಳಗೆ ಏನೂ ತೊಂದರೆ ಇಲ್ಲ. ಗ್ಯಾರೇಜಿನಲ್ಲಿ ಟರ್ಬೊ ಹೋಗಿದೆ ಅನ್ನುತ್ತಾರೆ. ಬದಲಿಸಲೇ?
– ಓದುಗರು, ಹಾಸನ

ಉತ್ತರ: ಸ್ವಲ್ಪ ತಡೆಯಿರಿ. ಪೂರ್ತಿ ಸತ್ತ ಟರ್ಬೊ ಕೀ ತಿರುಗಿಸಿದ ಮಾತ್ರಕ್ಕೆ ಎದ್ದು ಕೂರುವುದಿಲ್ಲ, ಅಲ್ವಾ?

ನಿಮ್ಮ ಕಾರು ಹೋಗಿದ್ದು ಲಿಂಪ್ ಮೋಡ್‌ಗೆ. ಟರ್ಬೊ ಅಂದರೆ ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಪಂಪು. ಆ ಗಾಳಿಯ ಒತ್ತಡ ಲೆಕ್ಕಕ್ಕೆ ತಾಳೆಯಾಗದಿದ್ದರೆ ಕಂಪ್ಯೂಟರ್ ಎಂಜಿನ್ ಉಳಿಸಲು ಪವರ್ ಕಡಿಮೆ ಮಾಡುತ್ತದೆ. ಆಫ್ ಮಾಡಿ ಸ್ಟಾರ್ಟ್ ಮಾಡಿದರೆ ಇನ್ನೊಮ್ಮೆ ನೋಡೋಣ ಎಂದು ಬಿಡುತ್ತದೆ. ಊರೊಳಗೆ ಟರ್ಬೊಗೆ ಅಷ್ಟು ಕೆಲಸವೇ ಇಲ್ಲ, ಹಾಗಾಗಿ ಗೊತ್ತಾಗುವುದಿಲ್ಲ.

ಕಪ್ಪು ಹೊಗೆ ಅಂದರೆ ಡೀಸೆಲ್ ಇದೆ, ಗಾಳಿ ಸಾಲುತ್ತಿಲ್ಲ ಎಂದರ್ಥ. ಡೀಸೆಲ್ ಫಿಲ್ಟರ್ ಕಟ್ಟಿದ್ದರೂ ಏರಿನಲ್ಲಿ ಎಳೆಯುವುದಿಲ್ಲ, ಆದರೆ ಹೀಗೆ ಹೊಗೆ ಕಕ್ಕುವುದಿಲ್ಲ. ನನ್ನ ಮೊದಲ ಅನುಮಾನ ಟರ್ಬೊದಿಂದ ಇಂಟರ್‌ಕೂಲರ್‌ಗೆ (ಆ ಗಾಳಿಯನ್ನು ತಣಿಸುವ ಭಾಗ), ಅಲ್ಲಿಂದ ಎಂಜಿನ್‌ಗೆ ಹೋಗುವ ರಬ್ಬರ್ ಹೋಸ್‌ಗಳ ಮೇಲೆ. ಮೇಲಿಂದ ನೋಡಿ ‘ಚೆನ್ನಾಗಿದೆ’ ಅನ್ನಬೇಡಿ. ಕ್ಲಿಪ್ ಬಿಚ್ಚಿ ಹೊರತೆಗೆಸಿ, ಕೈಯಲ್ಲಿ ಹಿಂಡಿ, ಮಡಿಸಿ ನೋಡಿ. ಬಿರುಕು ಸಾಮಾನ್ಯವಾಗಿ ತಳಭಾಗದಲ್ಲಿ, ಕ್ಲಿಪ್ ಪಕ್ಕದಲ್ಲಿ ಇರುತ್ತದೆ. ಸುತ್ತ ಎಣ್ಣೆ ಕುಡಿದ ಕರಿ ಧೂಳು ಮೆತ್ತಿರುತ್ತದೆ. ಐಡ್ಲಿಂಗ್‌ನಲ್ಲಿ ಅದು ಬಾಯಿ ಮುಚ್ಚಿಕೊಂಡಿದ್ದು, ಏರಿನಲ್ಲಿ ಒತ್ತಡ ಬಿದ್ದಾಗ ಬಾಯಿ ಬಿಟ್ಟು ‘ಬುಸ್ಸ್’ ಅನ್ನುತ್ತದೆ.

ಆಮೇಲೆ ಟರ್ಬೊವನ್ನು ಹಿಡಿತದಲ್ಲಿಡುವ ಸಣ್ಣ ವ್ಯಾಕ್ಯೂಂ ಪೈಪ್‌ಗಳು. ಇದರಲ್ಲಿ ನಾನೇ ಮೋಸ ಹೋಗಿದ್ದೇನೆ. ಸಕಲೇಶಪುರ ಕಡೆಯ ತೋಟದವರೊಬ್ಬರ ಗಾಡಿಗೆ ಫಿಲ್ಟರ್ ಬದಲಿಸಿ, ಸೆನ್ಸರ್ ತೊಳೆದು, ಎರಡು ದಿನ ಸುಮ್ನೆ ಹಾಳು ಮಾಡಿದೆ. ಕೊನೆಗೆ ನೋಡಿದರೆ ಎಂಜಿನ್ ಹಿಂದುಗಡೆ ಪೆನ್ನಿನ ರೀಫಿಲ್‌ನಷ್ಟು ದಪ್ಪದ ಪೈಪನ್ನು ಇಲಿ ಕಡಿದಿತ್ತು! ಫಿಲ್ಟರ್ ದುಡ್ಡು ಕೇಳಲು ಬಾಯಿ ಬರಲಿಲ್ಲ.

ಎರಡೂ ಸರಿ ಇದ್ದರೆ, ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೇ ಕಳಿಸುವ ಇಜಿಆರ್ ವಾಲ್ವ್ ಮಸಿ ಹಿಡಿದು ತೆರೆದೇ ನಿಂತಿದೆಯಾ ನೋಡಿಸಿ. ಟರ್ಬೊ ಒಳಗಿನ ರೆಕ್ಕೆಗಳೂ ಮಸಿಗೆ ಅಂಟಿಕೊಳ್ಳುವುದುಂಟು. ಎಷ್ಟೋ ಸಲ ಬಿಚ್ಚಿ ಕ್ಲೀನ್ ಮಾಡಿದರೆ ಸಾಕು.

ಇದೆಲ್ಲಕ್ಕೂ ಮೊದಲು ಸ್ಕ್ಯಾನರ್ ಹಾಕಿಸಿ. ಅದು ತೋರಿಸುವ ದೋಷದ ಕೋಡ್ ಅಳಿಸುವ ಮುಂಚೆ ಬರೆದಿಟ್ಟುಕೊಳ್ಳಿ. ಪಿ0299 ಬಂದರೆ ಟರ್ಬೊ ಒತ್ತಡ ಕಡಿಮೆ ಎಂದು. ಗಮನಿಸಿ, ‘ಟರ್ಬೊ ಹಾಳು’ ಎಂದಲ್ಲ. ಸ್ಕ್ಯಾನರ್ ಸಿಕ್ಕಿಸಿಕೊಂಡೇ ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿ ಒಂದು ಏರು ಹತ್ತಿಸಿ. ಗ್ಯಾರೇಜಿನಲ್ಲಿ ನಿಲ್ಲಿಸಿ ರೇಸ್ ಮಾಡಿದರೆ ಈ ಕಾಯಿಲೆ ಹೊರಗೆ ಬರುವುದಿಲ್ಲ.

ನೀಲಿ ಹೊಗೆ, ಜಾಸ್ತಿ ಆಯಿಲ್ ಕುಡಿಯುವುದು, ಕಬ್ಬಿಣ ತಿಕ್ಕಿದಂಥ ಸದ್ದು ಇದ್ದರೆ ಮಾತು ಬೇರೆ. ಆಗ ಓಡಿಸದೆ ಟೋ ಮಾಡಿಸಿ. ನಿಮ್ಮ ಪತ್ರದಲ್ಲಿ ಅವು ಯಾವುದೂ ಇಲ್ಲ. ಹೋಸ್ ಬಿಚ್ಚಿಸಿದ ಮೇಲೆ ಕೋಡ್ ಸಮೇತ ಇನ್ನೊಂದು ಪತ್ರ ಬರೆಯಿರಿ.