ಒಳಗೆ ಏನು ಮಾತಾಡಿದಿರಿ ಅಂತ ಕೇಳಬೇಡಿ

ಪ್ರಶ್ನೆ: ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ. ರೇಷ್ಮೆ ಹುಳ ಮೇಯಿಸುತ್ತೇವೆ. ಮಗಳು ಎಸ್ಸೆಸ್ಸೆಲ್ಸಿ. ಐದು ತಿಂಗಳಿಂದ ಬೆಳಿಗ್ಗೆ ಯೂನಿಫಾರಂ ಹಾಕಿದ ಕೂಡಲೇ ಹೊಟ್ಟೆನೋವು ಅಂತ ಮುದುರಿ ಕೂತುಬಿಡುತ್ತಾಳೆ. ಭಾನುವಾರ ನೋವಿಲ್ಲ. ಸ್ಕ್ಯಾನಿಂಗ್ ಆಯ್ತು, ದೃಷ್ಟಿ ತೆಗೆಸಿದ್ದಾಯ್ತು, ತಾಯತವೂ ಆಯ್ತು. ಕೊನೆಗೆ ಡಾಕ್ಟರೇ ಕೌನ್ಸೆಲಿಂಗ್‌ಗೆ ಕಳಿಸಿದರು. ಮೂರು ಸಲ ಹೋಗಿ ಬಂದೆವು. ನನ್ನನ್ನು ಹೊರಗೆ ಕೂರಿಸುತ್ತಾರೆ. ಏನು ಮಾತಾಡಿದಿರಿ ಅಂದರೆ ಇಬ್ಬರೂ ಬಾಯಿ ಬಿಡಲ್ಲ. ಒಂದು ದಿನವಂತೂ ಬರೀ ಚಿತ್ರ ಬರೆಸಿದ್ದಾರೆ. ಯಜಮಾನರು ಇದೆಲ್ಲ ದಂಡ, ಊರಲ್ಲಿ ಗೊತ್ತಾದರೆ ಹುಡುಗಿಗೆ ಹುಚ್ಚು ಅಂತಾರೆ, ನಿಲ್ಲಿಸು ಅಂತಿದ್ದಾರೆ. ನಿಲ್ಲಿಸಲಾ?

ಉತ್ತರ: ನಿಲ್ಲಿಸಬೇಡಿ ಅಮ್ಮಾ. ಮೂರು ಸಲಕ್ಕೆ ಏನೂ ಗೊತ್ತಾಗಲ್ಲ.

ಮೊದಲು ಹೊಟ್ಟೆನೋವಿನ ವಿಷಯ. ಸ್ಕ್ಯಾನಿಂಗಲ್ಲಿ ಏನೂ ಕಾಣಲಿಲ್ಲ ಅಂದರೆ ಅವಳು ನಾಟಕ ಆಡುತ್ತಿದ್ದಾಳೆ ಅಂತ ಅಲ್ಲ. ಹೆದರಿಕೆ ಆದಾಗ ಮೈ ಬಿಗಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಕರುಳು ಹಿಂಡುತ್ತದೆ. ಪರೀಕ್ಷೆ ದಿನ ಬೆಳಿಗ್ಗೆ ಎರಡೆರಡು ಸಲ ಬಚ್ಚಲಿಗೆ ಓಡಿದ್ದು ನಮಗೆಲ್ಲ ನೆನಪಿದೆ ಅಲ್ವಾ? ಅವಳಿಗೆ ಅದು ದಿನಾ ಆಗುತ್ತಿದೆ. ನೋವು ನಿಜ, ಅದರ ಬೇರು ಮಾತ್ರ ಹೊಟ್ಟೆಯಲ್ಲಿಲ್ಲ.

ಹುಳ ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವಾಗ, ನೀವು ಸೊಪ್ಪು ಹಾಕಲ್ಲ. ತಟ್ಟೆ ಅಲ್ಲಾಡಿಸುವುದಕ್ಕೂ ಬಿಡಲ್ಲ. ಪೊರೆ ಕಳಚಿ ತಲೆ ಎತ್ತುವವರೆಗೆ ಸುಮ್ನೆ ಕಾಯುತ್ತೀರಿ. ಮೊದಲ ಕೆಲವು ಸಲ ಕೌನ್ಸೆಲರ್ ಮಾಡುತ್ತಿರುವುದೂ ಅದೇ. ಬುದ್ಧಿ ಹೇಳುವವರು ಆ ಮಗುವಿಗೆ ಈಗಾಗಲೇ ಹತ್ತು ಜನ ಇದ್ದಾರೆ. ಹೇಳಿದ್ದನ್ನು ಕೇಳಿಸಿಕೊಂಡು, ಬೈಯದೆ, ಇನ್ನೊಬ್ಬರ ಕಿವಿಗೆ ಹಾಕದೆ ಇರುವವರು ಒಬ್ಬರು ಬೇಕಾಗಿತ್ತು.

ಚಿತ್ರದ ಬಗ್ಗೆ ಬೇಜಾರು ಮಾಡಿಕೊಂಡಿದ್ದೀರಿ. ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬಂದಿದ್ದ ಒಂದು ಮಗುವಿನ ಕತೆ ಹೇಳುತ್ತೇನೆ, ಗುರುತು ಸಿಗದ ಹಾಗೆ. ಅವಳಿಗೂ ಹೀಗೇ ಬೆಳಗಿನ ಹೊಟ್ಟೆನೋವು. ಎಲ್ಲರೂ ಓದಿನ ಭಯ ಅಂತಲೇ ತಿಳಿದಿದ್ದರು, ನಾನೂ. ಗೇಟಿನಿಂದ ಕ್ಲಾಸಿನವರೆಗೆ ನಿನ್ನ ಸ್ಕೂಲು ಬರಿ, ಎಲ್ಲಿ ಹೊಟ್ಟೆ ಹಿಂಡುತ್ತದೋ ಅಲ್ಲಿ ಕೆಂಪು ಹಾಕು ಅಂದೆ. ಕ್ಲಾಸಿಗೆ ಕೆಂಪು ಬೀಳಲಿಲ್ಲ. ಮೂಲೆಯಲ್ಲಿ ಒಂದು ಸಣ್ಣ ಚೌಕ ಬರೆದು, ಕ್ರೇಯಾನ್ ಮುರಿಯುವಷ್ಟು ಒತ್ತಿ ತಿಕ್ಕಿದಳು. ಅದು ಶೌಚಾಲಯ. ಬಾಗಿಲಿಗೆ ಚಿಲಕ ಇರಲಿಲ್ಲ, ಮುಟ್ಟಿನ ದಿನ ಒಂದು ಸಲ ಯಾರೋ ಬಾಗಿಲು ತಳ್ಳಿ ನಕ್ಕಿದ್ದರು. ಅಮ್ಮನಿಗೂ ಹೇಳಿರಲಿಲ್ಲ. ಬಾಯಲ್ಲಿ ಕೇಳಿದ್ದರೆ ನನಗೂ ಹೇಳುತ್ತಿರಲಿಲ್ಲ.

ನಿಮ್ಮ ಮಗಳದ್ದು ಬೇರೇನೋ ಇರಬಹುದು. ಗೊತ್ತಾದ ಮೇಲೆ ಕೆಲಸ ಶುರುವಾಗುತ್ತದೆ. ‘ಎಲ್ಲರೂ ನನ್ನನ್ನೇ ನೋಡ್ತಾರೆ’, ‘ಫೇಲಾದರೆ ಮುಗೀತು’ ಅನ್ನುವ ಯೋಚನೆಗಳನ್ನು ಹಿಡಿದು, ನಿಜಕ್ಕೂ ಹಾಗೇನಾ ಅಂತ ಅವಳ ಕೈಯಲ್ಲೇ ಪರೀಕ್ಷೆ ಮಾಡಿಸುತ್ತಾರೆ. ಸ್ಕೂಲಿಗೂ ಮೆಟ್ಟಿಲು ಮೆಟ್ಟಿಲಾಗಿ ಕಳಿಸುತ್ತಾರೆ, ಮೊದಲು ಗೇಟಿನ ತನಕ, ಆಮೇಲೆ ಎರಡು ಪೀರಿಯಡ್, ಆಮೇಲೆ ಅರ್ಧ ದಿನ. ಪಾಪ ಅಂತ ತಿಂಗಳುಗಟ್ಟಲೆ ಮನೆಯಲ್ಲೇ ಉಳಿಸಿಕೊಂಡರೆ ಭಯ ಇನ್ನೂ ಬಲಿಯುತ್ತದೆ. ಕೌನ್ಸೆಲಿಂಗ್ ಸಾಮಾನ್ಯವಾಗಿ ವಾರಕ್ಕೊಂದು ಸಲ, ಮುಕ್ಕಾಲು ಗಂಟೆ ಹತ್ತಿರ. ಕೆಲವು ತಿಂಗಳು ಬೇಕು.

ಗುಟ್ಟಿನ ಮಾತು. ಅವಳು ಹೇಳಿದ್ದನ್ನು ಕೌನ್ಸೆಲರ್ ನಿಮಗೆ ಹೇಳದೆ ಇರುವುದು ನಿಮ್ಮನ್ನು ದೂರ ಇಡುವುದಕ್ಕಲ್ಲ, ಹೇಳಿಬಿಟ್ಟರೆ ಮುಂದಿನ ವಾರದಿಂದ ಅವಳು ಬಾಯಿ ಮುಚ್ಚುತ್ತಾಳೆ, ಅದಕ್ಕೆ. ಆದರೆ ಅವಳ ಜೀವಕ್ಕೆ ಅಪಾಯ ಅನ್ನಿಸಿದರೆ ನಿಮಗೆ ತಿಳಿಸುತ್ತಾರೆ. ಲೈಂಗಿಕ ದೌರ್ಜನ್ಯ ಅಂತ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ನಿಮಗೇ ಬೇರೆಯಾಗಿ ಹತ್ತು ನಿಮಿಷ ಬೇಕು ಅಂತ ಕೌನ್ಸೆಲರ್ ಹತ್ತಿರ ಕೇಳಿ. ‘ಅವಳೇನಂದಳು’ ಅನ್ನಬೇಡಿ. ‘ಮನೆಯಲ್ಲಿ ನಾವು ಹೇಗಿರಬೇಕು’ ಅಂತ ಕೇಳಿ, ಖಂಡಿತ ಹೇಳುತ್ತಾರೆ. ವಾಪಸ್ ಬರುವಾಗ ಬಸ್ಸಲ್ಲಿ ಪ್ರಶ್ನೆ ಬೇಡ. ಹಸಿವಾಗಿದೆಯಾ ಅಂತ ಕೇಳಿದರೆ ಸಾಕು.

ಯಜಮಾನರನ್ನು ಒಂದು ಸಲ ಜೊತೆಗೆ ಕರ್ಕೊಂಡು ಹೋಗಿ. ಮನಸ್ಸಿನ ತೊಂದರೆಗಳಲ್ಲಿ ಮೂರನೇ ಒಂದು ಭಾಗ 14 ವರ್ಷದೊಳಗೇ, ಅರ್ಧದಷ್ಟು 18 ವರ್ಷದೊಳಗೇ ಶುರುವಾಗುತ್ತವೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಈಗಲೇ ನೋಡಿಕೊಂಡರೆ ಸುಲಭ. ಹುಚ್ಚು ಅನ್ನುವ ಮಾತನ್ನು ಅವಳ ಕಿವಿಗೆ ಬೀಳುವ ಹಾಗೆ ಮನೆಯಲ್ಲಿ ಆಡಬೇಡಿ, ದಯವಿಟ್ಟು. ಖರ್ಚು ತಡೆಯದಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ಇರುತ್ತಾರೆ. 10ರಿಂದ 19 ವರ್ಷದವರಿಗೆ ಅಂತಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ ಇದೆ. ಯಾವ ದಿನ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ.

ಪ್ರಶ್ನೆ: ವಯಸ್ಸು 20. ಬಂಗಾರಪೇಟೆಯಿಂದ ದಿನಾ ಟ್ರೈನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರುತ್ತೇನೆ. ಡಿಗ್ರಿಯಲ್ಲಿ ಎರಡು ಸಬ್ಜೆಕ್ಟ್ ಬಾಕಿ. ನಿದ್ದೆ ಬರಲ್ಲ, ಯಾರ ಹತ್ರಾನೂ ಮಾತು ಬೇಡ. ಕೆಲವು ಸಲ ಇದ್ದು ಏನು ಮಾಡಬೇಕು ಅನ್ನಿಸುತ್ತೆ. ಮನೆಯಲ್ಲಿ ಹೇಳದೆ ಕೌನ್ಸೆಲರ್ ಹತ್ತಿರ ಹೋಗಬಹುದಾ?

ಉತ್ತರ: ತಮ್ಮಾ, ಹೋಗಬಹುದು. 18 ತುಂಬಿದ ಮೇಲೆ ಅಪ್ಪ ಅಮ್ಮನ ಸಹಿ ಬೇಡ. ನಿನ್ನ ಚಿಕಿತ್ಸೆಯ ವಿಷಯ ಗುಟ್ಟಾಗಿರಬೇಕು ಅನ್ನುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ನಿನಗಿರುವ ಹಕ್ಕು. ಜೀವಕ್ಕೆ ಅಪಾಯ ಇದ್ದಾಗ, ಕೋರ್ಟ್ ಕೇಳಿದಾಗ, ಹೀಗೆ ಕೆಲವು ಸಂದರ್ಭಗಳಲ್ಲಿ ಮಾತ್ರ ಅದಕ್ಕೆ ವಿನಾಯಿತಿ.

ಆದರೆ ‘ಇದ್ದು ಏನು ಮಾಡಬೇಕು’ ಅಂತ ಬರೆದಿದ್ದೀಯಲ್ಲ, ಅದನ್ನು ದಾಟಿ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಸಾಯಬೇಕು ಅನ್ನಿಸುತ್ತಿದೆಯಾ? ನೇರವಾಗಿ ಕೇಳುತ್ತಿದ್ದೇನೆ, ಕೇಳುವುದರಿಂದ ಆ ಯೋಚನೆ ಜಾಸ್ತಿಯಾಗಲ್ಲ. ಹೌದು ಅಂತಾದರೆ ಈ ರಾತ್ರಿ ಒಬ್ಬನೇ ಇರಬೇಡ, ಮನೆಯವರಿಗೆ ಆಗದಿದ್ದರೆ ಒಬ್ಬ ಸ್ನೇಹಿತನಿಗಾದರೂ ಹೇಳು. 14416ಕ್ಕೆ ಫೋನ್ ಮಾಡು. ಅದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಎದುರಿಗೆ ಕೂತು ಮಾತಾಡಲು ಕೋಲಾರದ ಎಸ್ಎನ್ಆರ್ ಜಿಲ್ಲಾ ಆಸ್ಪತ್ರೆ ಇದೆ, ಬೆಂಗಳೂರಲ್ಲಿ ಹೊಸೂರು ರಸ್ತೆಯ ನಿಮ್ಹಾನ್ಸ್ ಇದೆ. ನಿದ್ದೆ ಇಷ್ಟು ಕೆಟ್ಟಿರುವುದರಿಂದ ಮನೋವೈದ್ಯರಿಗೂ ಒಂದು ಸಲ ತೋರಿಸು. ಮಾತ್ರೆ ಬೇಕಾ ಬೇಡವಾ ಅಂತ ಹೇಳುವವರು ಅವರು, ಕೌನ್ಸೆಲರ್ ಮಾತ್ರೆ ಬರೆಯಲ್ಲ. ಹೋಗಿ ಏನು ಹೇಳಲಿ ಅಂತ ಗಂಟಲು ಕಟ್ಟಿದರೆ, ನನಗೆ ಬರೆದದ್ದನ್ನೇ ಮೊಬೈಲ್ ತೆಗೆದು ಓದಿಬಿಡು. ಎರಡು ಮೂರು ಸಲ ಹೋದ ಮೇಲೂ ಆ ಕೌನ್ಸೆಲರ್ ಹೊಂದಲಿಲ್ಲ ಅನ್ನಿಸಿದರೆ ಬೇರೆಯವರನ್ನು ನೋಡು. ಅದು ತಪ್ಪಲ್ಲ. ಮುಂದಿನ ತಿಂಗಳು ಮತ್ತೆ ಬರಿ, ಕಾಯುತ್ತಿರುತ್ತೇನೆ.

ಪ್ರಶ್ನೆ: ಪಾವಗಡದ ಹತ್ತಿರ ಪ್ರೈಮರಿ ಶಾಲೆಯ ಟೀಚರ್ ನಾನು. ಎರಡನೇ ಕ್ಲಾಸಿನ ಹುಡುಗ, ಅಪ್ಪ ತೀರಿಕೊಂಡ ಮೇಲೆ ಶಾಲೆಯಲ್ಲಿ ಮಾತೇ ಬಿಟ್ಟಿದ್ದಾನೆ. ಇಷ್ಟು ಚಿಕ್ಕವರಿಗೂ ಥೆರಪಿ ಇರುತ್ತಾ?

ಉತ್ತರ: ಇರುತ್ತದೆ ಮೇಡಂ, ಆಟದ ಮೂಲಕ. ಆ ವಯಸ್ಸಿಗೆ ದುಃಖವನ್ನು ಮಾತಲ್ಲಿ ಹೇಳಲು ಬರಲ್ಲ, ಗೊಂಬೆ ಕೊಟ್ಟರೆ ಹೇಳುತ್ತಾರೆ. ಇಂಥದ್ದೇ ಒಬ್ಬ ಹುಡುಗ ವಾರಗಟ್ಟಲೆ ಒಂದೇ ಗೊಂಬೆಯನ್ನು ಮರಳಲ್ಲಿ ಹೂತು ಸಮ ಮಾಡಿ ಎದ್ದು ಹೋಗುತ್ತಿದ್ದ. ನಾನು ಸುಮ್ಮನೆ ಪಕ್ಕದಲ್ಲಿ ಕೂತಿರುತ್ತಿದ್ದೆ. ಒಂದು ದಿನ ಅಗೆದು ತೆಗೆದು, ಮರಳು ಒರೆಸಿ, ‘ಇವನಿಗೆ ಚಳಿ ಆಗ್ತಿತ್ತಾ’ ಅಂದ. ಅಲ್ಲಿಂದ ಮಾತು ಶುರುವಾಯಿತು.

ನಿಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಅವನ ಮನೆ ಮಾತು ಬರುವ ಕೌನ್ಸೆಲರ್ ಸಿಗುತ್ತಾರಾ ನೋಡಿ, ಅಳು ಬರುವುದು ಮನೆ ಮಾತಲ್ಲೇ. ಅವನ ತಾಯಿಗೂ ಹೇಳಿ, ಅಪ್ಪ ಊರಿಗೆ ಹೋಗಿದ್ದಾನೆ ಅಂತ ಹೇಳುವುದು ಬೇಡ, ಮಗು ಬಾಗಿಲು ನೋಡುತ್ತಾ ಕೂರುತ್ತದೆ. ಸತ್ತುಹೋದರು, ಇನ್ನು ಬರಲ್ಲ, ನಿನ್ನಿಂದ ಆದದ್ದಲ್ಲ ಅಂತ ತಬ್ಬಿಕೊಂಡು ಹೇಳಲಿ. ಕ್ಲಾಸಲ್ಲಿ ಅವನನ್ನು ಎಬ್ಬಿಸಿ ಮಾತಾಡಿಸಬೇಡಿ. ಹಾಜರಿ ಕರೆದಾಗ ಅವನು ಕೈ ಎತ್ತಿದರೆ ಅದೇ ‘ಎಸ್ ಮಿಸ್’ ಅಂತ ತಿಳಿದು ಮುಂದಿನ ಹೆಸರು ಕರೆಯಿರಿ.