ನವೆಂಬರ್ 4ಕ್ಕೇ ಎಲ್ಲ ಮುಗಿಯಲಿಲ್ಲ

1956ರ ನವೆಂಬರ್ 4ರಂದು ಕಮ್ಯುನಿಸ್ಟ್ ಆಡಳಿತದ ವಿರುದ್ಧ ಎದ್ದ ದಂಗೆಯನ್ನು ಹತ್ತಿಕ್ಕಲು ಸೋವಿಯತ್ ಟ್ಯಾಂಕುಗಳು ಹಂಗೇರಿಯ ರಾಜಧಾನಿ ಬುಡಾಪೆಸ್ಟ್‌ಗೆ ನುಗ್ಗಿದ ಮೇಲೆ ಹಂಗೇರಿಯವರು ಕೈಚೆಲ್ಲಿದರೇ ಅಂತ ಕೇಳಿದ್ದೀರಿ. ಖಂಡಿತ ಇಲ್ಲ. ಬೀದಿಕಾಳಗ ಕೆಲವೇ ದಿನಗಳಲ್ಲಿ ಅಡಗಿತು, ನಿಜ. ಆದರೆ ಹೋರಾಟ ಕಾರ್ಖಾನೆಗಳಿಗೆ ಸರಿಯಿತು. ನವೆಂಬರ್ 14ರಂದು ನಗರದ ಭಾಗವಾದ ಊಯ್‌ಪೆಶ್ತ್‌ನ ಬಲ್ಬ್ ಕಾರ್ಖಾನೆಯಲ್ಲಿ ಬುಡಾಪೆಸ್ಟ್ ಕೇಂದ್ರ ಕಾರ್ಮಿಕ ಮಂಡಳಿ, ಅಂದರೆ ಕಾರ್ಖಾನೆಗಳ ಕಾರ್ಮಿಕ ಪ್ರತಿನಿಧಿಗಳ ಕೂಟ, ಹುಟ್ಟಿತು. ಅದರ ಅಧ್ಯಕ್ಷನಾದ ಶಾಂಡೋರ್ ರಾಟ್ಸ್‌ಗೆ ಆಗ ಬರೀ 23 ವರ್ಷ! ಈ ಕಾರ್ಮಿಕರ ಅಸ್ತ್ರ ಮುಷ್ಕರ. ತೊಡಕು ಅಲ್ಲೇ ಇತ್ತು: ಗಣಿ ನಿಂತರೆ ಸರ್ಕಾರಕ್ಕಷ್ಟೇ ಅಲ್ಲ, ಚಳಿಗಾಲದಲ್ಲಿ ತಮ್ಮದೇ ಮನೆಗಳಿಗೂ ಕಲ್ಲಿದ್ದಲಿಲ್ಲ. ಡಿಸೆಂಬರ್ 4ರಂದು ಸತ್ತವರ ನೆನಪಿಗೆ ಹೆಂಗಸರು ಹೂ ಹಿಡಿದು ಬುಡಾಪೆಸ್ಟಿನ ವೀರರ ಚೌಕಕ್ಕೆ ಮೌನವಾಗಿ ನಡೆದರು. ಡಿಸೆಂಬರ್ 11ಕ್ಕೆ 48 ಗಂಟೆಗಳ ಮುಷ್ಕರ ಶುರುವಾಯಿತು. ಅದೇ ದಿನ ಮಾತುಕತೆಗೆಂದು ಸಂಸತ್ ಭವನಕ್ಕೆ ಕರೆಸಿಕೊಂಡು ರಾಟ್ಸ್‌ನನ್ನು ಬಂಧಿಸಿದರು. ನನ್ನ ಪ್ರಕಾರ ಟ್ಯಾಂಕಿಗಿಂತ ನೀಚ ಕೆಲಸ ಅದು. ಮುಂದೆ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. 1963ರ ಕ್ಷಮಾದಾನದಲ್ಲಿ ಹೊರಬಂದ.