ಊಟದ ಕುರ್ಚಿಯ ಸೀಟಿಗೆ ಮನೆಯಲ್ಲೇ ಹೊಸ ಹೊದಿಕೆ ಹಾಕಬಹುದೇ?

ಮಳೆಗಾಲ ಕಳೆಯುವಷ್ಟರಲ್ಲಿ ಊಟದ ಕುರ್ಚಿಗಳ ಸೀಟಿಗೆ ಬೂಷ್ಟು ಹಿಡಿದು ಸ್ಪಂಜು ಕುಸಿದಿದೆ, ಮಡಿಕೇರಿಯಂಥ ಊರಿನಲ್ಲಿ ಇದನ್ನು ನಾವೇ ಬದಲಾಯಿಸಿದರೆ ಬಾಳಿಕೆ ಬಂದೀತೇ ಎಂದು ಕೇಳಿದ್ದೀರಿ. ಕೆಳಗಿನ ಸ್ಕ್ರೂ ಬಿಚ್ಚಿದರೆ ಸೀಟು ಬೇರೆಯಾಗಿ ಕೈಗೆ ಬರುವಂತಿದ್ದರೆ ಧೈರ್ಯವಾಗಿ ಮಾಡಿ. ಒಳಗೆ ಸ್ಪ್ರಿಂಗ್ ಇರುವ, ಚೌಕಟ್ಟಿಗೇ ಬಟ್ಟೆ ಬಡಿದಿರುವ ಹಳೆಯ ಕುರ್ಚಿಯಾದರೆ ಬಲ್ಲವರಿಗೆ ಒಪ್ಪಿಸುವುದೇ ಮೇಲು. ವಿರಾಜಪೇಟೆಯ ಬಳಿ ನಮ್ಮ ಮನೆಯ ಬೀಟೆ ಮರದ ಕುರ್ಚಿಗಳಿಗೆ ನಾನೇ ಹೊದಿಕೆ ಹಾಕಿದ್ದೇನೆ. ಕೊಡಗಿನಲ್ಲಿ ಬಟ್ಟೆಯ ಅಂದಕ್ಕಿಂತ ಮೊದಲು ತೇವದ ವಿಚಾರ ಮಾಡಬೇಕು.

ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಕೈಹಾಕಬೇಡಿ. ಕಣದಲ್ಲಿ ಕಾಫಿ ಒಣಗುವ ಡಿಸೆಂಬರ್–ಜನವರಿಯೇ ಸರಿಯಾದ ಕಾಲ, ಏಕೆಂದರೆ ಒದ್ದೆ ಹಲಗೆಯ ಮೇಲೆ ಎಷ್ಟು ಒಳ್ಳೆಯ ಬಟ್ಟೆ ಬಿಗಿದರೂ ಬೂಷ್ಟು ಒಳಗಿನಿಂದಲೇ ಮತ್ತೆ ಏಳುತ್ತದೆ.

ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಅಂಗಳದಲ್ಲೇ ಸೀಟನ್ನು ಬಿಚ್ಚಿ. ಹಳೆಯ ಪಿನ್ನುಗಳನ್ನು ಚಪ್ಪಟೆ ಸ್ಕ್ರೂಡ್ರೈವರಿನಿಂದ ಮೀಟಿ ಇಕ್ಕಳದಿಂದ ಎಳೆಯಿರಿ. ಬಟ್ಟೆಯನ್ನು ಹರಿಯದೆ ತೆಗೆದರೆ ಅದೇ ಹೊಸದಕ್ಕೆ ಅಳತೆಯಾಗುತ್ತದೆ. ಸ್ಪಂಜನ್ನು ಎಸೆದುಬಿಡಿ. ಪ್ಲೈವುಡ್ಡನ್ನು ಮಾತ್ರ ಸ್ಕ್ರೂಡ್ರೈವರಿನ ತುದಿಯಿಂದ ಅಲ್ಲಲ್ಲಿ ಒತ್ತಿ ನೋಡಿ. ತುದಿ ಒಳಗಿಳಿದರೆ ಅಥವಾ ಅಂಚಿನಲ್ಲಿ ಪದರಗಳು ಬಿಟ್ಟುಕೊಂಡಿದ್ದರೆ, ನೀರು ತಾಳುವ ಬಿಡಬ್ಲ್ಯೂಆರ್ ದರ್ಜೆಯ 12 ಮಿ.ಮೀ. ಪ್ಲೈವುಡ್ಡಿನಲ್ಲಿ ಅದೇ ಆಕಾರವನ್ನು ಕೊಯ್ಯಿಸಿ, ಗಾಳಿಯಾಡಲು ನಾಲ್ಕೈದು ತೂತು ಕೊರೆಯಿರಿ.

ಸ್ಪಂಜು ಕೊಳ್ಳುವಾಗ ದಪ್ಪದ ಜೊತೆಗೆ ಸಾಂದ್ರತೆಯನ್ನೂ ಕೇಳಬೇಕು: 40 ಸಾಂದ್ರತೆಯದು, ಎಂದರೆ ಘನ ಮೀಟರಿಗೆ 40 ಕೆ.ಜಿ. ತೂಗುವಂಥದು, ಎರಡು ಅಂಗುಲ ದಪ್ಪವಿದ್ದರೆ ಸಾಕು. ಅದಕ್ಕಿಂತ ದಪ್ಪದ್ದು ಮೆತ್ತಗಿರಬಹುದು, ಆದರೆ ಕೂತವರ ತೊಡೆ ಮೇಜಿನ ಅಂಚಿಗೆ ತಾಗುತ್ತದೆ. ಹೊದಿಕೆಗೆ ಹತ್ತಿಗಿಂತ ಪಾಲಿಯೆಸ್ಟರ್ ಬಟ್ಟೆ ನಮ್ಮ ಹವೆಯನ್ನು ಚೆನ್ನಾಗಿ ತಾಳುತ್ತದೆ. ಪಂದಿಕರಿಯ ಸಾರು ಚೆಲ್ಲಿದರೂ ಒರೆಸಿಬಿಡಬಹುದೆಂದು ರೆಕ್ಸಿನ್ ಇಷ್ಟಪಡುವವರಿದ್ದಾರೆ, ಅದೇನೂ ತಪ್ಪಲ್ಲ. ಆದರೆ ಮೇಲಿನಿಂದ ಗಾಳಿಯಾಡದ ಕಾರಣ ಸೀಟಿನ ತಳಕ್ಕೆ ರೆಕ್ಸಿನ್ ಮುಚ್ಚದೆ ತೆಳುವಾದ ಬಟ್ಟೆಯನ್ನಷ್ಟೇ ಹೊಡೆಯಿರಿ.

ಬಟ್ಟೆಯನ್ನು ಸುತ್ತಲೂ ಮೂರು ಅಂಗುಲ ಹೆಚ್ಚಾಗಿ ಕತ್ತರಿಸಿ, ಸೀಟನ್ನು ಅದರ ಮೇಲೆ ಬೋರಲು ಹಾಕಿ. ಮುಂಭಾಗದ ನಡುವೆ ಒಂದು ಪಿನ್ನು, ಎಳೆದು ಹಿಂಭಾಗದ ನಡುವೆ ಒಂದು, ಆಮೇಲೆ ಎರಡು ಪಕ್ಕಗಳ ನಡುವೆ ಒಂದೊಂದು ಹೊಡೆದು, ಅಲ್ಲಿಂದ ಮೂಲೆಗಳ ಕಡೆಗೆ ಸಾಗಬೇಕು. ಒಂದು ಮೂಲೆಯಿಂದಲೇ ಶುರುಮಾಡಿದರೆ ಬಟ್ಟೆಯ ಗೆರೆಗಳು ಸೊಟ್ಟಗಾಗುವುದು ಖಂಡಿತ. ಮೂಲೆಯಲ್ಲಿ ಬಟ್ಟೆಯ ತುದಿಯನ್ನು ಮೊದಲು ಸೀಟಿನ ನಡುವಿನತ್ತ ಎಳೆದು ಪಿನ್ನು ಹಾಕಿ, ಉಳಿದದ್ದನ್ನು ಎರಡು ಕಡೆಯಿಂದ ನೆರಿಗೆಯಂತೆ ಮಡಿಚಿ, ಮಡಿಕೆ ಎದುರಿನಿಂದ ಕಾಣದಂತೆ ಪಕ್ಕಕ್ಕೆ ತಿರುಗಿಸಿ. ಸ್ಟೇಪಲ್ ಗನ್ನಿಗೆ 8 ಮಿ.ಮೀ. ಉದ್ದದ ಪಿನ್ನು ಸಾಕು. ಸ್ವಲ್ಪ ದುಬಾರಿಯಾದರೂ ಸ್ಟೇನ್‌ಲೆಸ್ ಸ್ಟೀಲಿನದನ್ನೇ ತನ್ನಿ, ಇಲ್ಲವಾದರೆ ತೇವಕ್ಕೆ ತುಕ್ಕು ಹಿಡಿದು ಬಟ್ಟೆಗೂ ಕಲೆ ಇಳಿಯುತ್ತದೆ.

ಇನ್ನೊಂದು ಮಾತು: ಬಿಚ್ಚುವಾಗಲೇ ಪ್ರತಿ ಸೀಟಿಗೂ ಅದರ ಕುರ್ಚಿಗೂ ಒಂದೇ ಸಂಖ್ಯೆ ಬರೆದಿಡಿ, ಏಕೆಂದರೆ ಕೈಯಲ್ಲಿ ಮಾಡಿದ ಕುರ್ಚಿಗಳಲ್ಲಿ ಒಂದರ ಸ್ಕ್ರೂ ತೂತು ಇನ್ನೊಂದಕ್ಕೆ ಕೂಡುವುದು ಅಪರೂಪ.